ನಾಳಿ ಒಯ್ತೀನಿ ಅಂದಾವನ ಚೀಲ

ಮೂರು ವರ್ಷ ಗೂಟಕ್ಕ ತೂಗಿತ್ತು
ದುರ್ಗದಬೈಲಿನ ನನ್ನ ಅಂಗಡ್ಯಾಗ
ಆ ಹಸರು ಬೆನ್ನುಚೀಲ.
ಜಿಪ್ಪು ಕಿತ್ತಿತ್ತು, ಎಡಗಡೆ ಪಟ್ಟಿ ಹರದಿತ್ತು.
ನಲವತ್ತು ರೂಪಾಯಿ ಮುಂಗಡ ಇಟ್ಟು
ನಾಳಿ ಒಯ್ತೀನಿ ಅಂದು ಹೋದಾವ
ಹೊಳ್ಳಿ ಬರಲಿಲ್ಲ.
ಹೆಸರು ಬರಕೊಂಡಿಲ್ಲ. ನಮ್ಮ ಧಂದೇದಾಗ
ಮನುಷ್ಯಾರು ನೆನಪಿರೂದಿಲ್ಲ, ಹರಕು ನೆನಪಿರ್ತಾವ.

ಊರ ಮಂದಿ ಚೀಲ ಎಲ್ಲಾ ಹೊಲದೇನಿ ನಾ,
ಗೋವಾಕ್ಕ ಹೋಗೂವು, ಶಬರಿಮಲಿಗೆ ಹೋಗೂವು,
ಹೆರಿಗಿಗೆ ತವರಿಗೆ ಹೋಗೂವು.
ನಂದಂತೂ ಹಳೇ ಹುಬ್ಬಳ್ಳಿಯಿಂದ ದುರ್ಗದಬೈಲು,
ದುರ್ಗದಬೈಲಿಂದ ಹಳೇ ಹುಬ್ಬಳ್ಳಿ.
ಸೂಜಿನೂ ಅಷ್ಟ: ಒಂದು ತೂತಿನ್ಯಾಗ ಮುಳುಗಿ
ಬಾಜೂ ತೂತಿನ್ಯಾಗ ಏಳತೈತಿ.
ಅದಕ್ಕ ಯಾರರ ಪ್ರವಾಸ ಅಂತಾರೇನು?

ಮಶೀನು ಕೆಟ್ಟ ವಾರ
ಒಳಕಿಸೆ ಝಾಡಿಸಿದೆ:
ಕಾಗದಕ್ಕ ಅಂಟಿದ ಒಂದು ಪೆಪ್ಪರಮೆಂಟು,
ಮಡಚಿದ ಬಸ್ಸಿನ ಟಿಕೀಟು.
ಡಂಬಳ ಅಂತ ಇಷ್ಟ ಓದಾಕ ಬಂತು,
ಉಳಿದ ಮಸಿ ಹಾರಿತ್ತು.
"ಯಾರ ಚೀಲ, ಯಾರ ಊರು, ನಿಮಗ್ಯಾಕ?"
ಅಂದ್ಲು ಹಜರತಬಿ.
ಅನಕೋತನ ನಾಕು ಖಡಕ್ ರೊಟ್ಟಿ, ಶೇಂಗಾ ಚಟ್ನಿ
ಅದರಾಗ ತುರುಕಿದ್ಲು.

ಗದಗಿನ್ಯಾಗ ಬಸ್ ಬದಲಿ.
ಎರಡನೇ ಬಸ್ಸಿನ ಕಿಟಕಿಗೆ ಗಾಜಿಲ್ಲ.
ಕಪ್ಪತಗುಡ್ಡದ ಗಾಳಿ
ಟಿಕೀಟು ತಗೀಲಾರದ ಹತ್ತಿ
ಎಲ್ಲಾರ ತೊಡಿ ಮ್ಯಾಲ ಕುಂತಿತು.
ಕಂಡಕ್ಟರಮ್ಮ ಅದಕ್ಕೂ ಬೈದ್ಲು.

ಡೋಣ್ಯಾಗ ಚಾದಂಗಡಿ ಫಕ್ಕೀರವ್ವ
ನನ್ನ ಮಾರಿ ನೋಡಲೇ ಇಲ್ಲ, ಚೀಲ ನೋಡಿದ್ಲು.
"ಬಂತಲ್ಲಪಾ ಸವಾರಿ!
ಎರಡು ಚಾ, ಒಂದು ಪ್ಲೇಟು ಮಿರ್ಚಿ,
ಬಾಕಿ ಕೊಡೂದು ಯಾವಾಗ?"
ಕೊಟ್ಟೆ.
ಉಂಡ ಬಾಯಿ ಯಾವುದೋ, ತೆತ್ತ ಕಿಸೆ ಯಾವುದೋ.
ಚಿಲ್ಲರ ಎಣಿಸಿಕೊಂಡು
ಮೂರನೇ ಚಾ ಪುಕ್ಕಟ ಅಂದ್ಲು.

ಗುಡ್ಡದ ಬುಡದ ತಾಂಡಾದಾಗ
ಎಂಟೊಂಬತ್ತು ವರ್ಷದ ರೂಪ್ಲಿ ಓಡಿ ಬಂದು
ಕೇಳಲಾರದ ಮುಂದಿನ ಕಿಸೆಗೆ ಕೈ ಹಾಕಿದ್ಲು.
ಪೆಪ್ಪರಮೆಂಟಿನ ಕಾಗದ ಬಿಡಲಿಲ್ಲ,
ಕಾಗದ ಸಮೇತ ಬಾಯಾಗ.
"ಬಾಜಾ ಎಲ್ಲಿ?"
ಅಂವಾ ಬಾಜಾ ಊದತಿದ್ದ ಅಂತ ನನಗ ಆಗ ಗೊತ್ತಾತು.
ನಾ ಸಿಳ್ಳಿ ಹಾಕಿ ನೋಡಿದೆ.
ಪಾಪ, ಆಕಿ ಮಾರಿ ಸಣ್ಣದಾತು.
ಆ ರಾತ್ರಿ ಅವರ ಪಡಸಾಲ್ಯಾಗ ಮಲಗಿದೆ.
ಗೋಡಿಗೆ ತೂಗಿದ್ದ ಅವರವ್ವನ ಪೇಟ್ಯಾ,
ಒಂದೊಂದು ಕನ್ನಡಿ ಸುತ್ತ ಒಂದೊಂದು ಥರ ಹೊಲಿಗಿ.
ಚಿಮಣಿ ಎತ್ತಿ ಹಿಡದು ಹಿಂಬದಿ ತಿರುವಿ ನೋಡಿದೆ.
ಗಂಟು ಸಿಗಲಿಲ್ಲ.
ನನ್ನ ನಲವತ್ತು ವರ್ಷದ ಮಶೀನಿನ ಸಪ್ಪಳ
ಕಿವ್ಯಾಗಿಂದ ಇಳದು ಹೋತು.

ಮರುದಿನ ಮುಂಡರಗಿ, ಅಲ್ಲಿಂದ ಬಿದರಳ್ಳಿ.
ಬಸ್ಸು ಮುಗಿಯೂದ ಅಲ್ಲಿ, ಮುಂದ ಹೊಳಿ.
ಅಂಬಿಗರ ಮೈಲಾರೆಪ್ಪನ ಹರಗೋಲಿನ್ಯಾಗ
ಎರಡು ಆಡು, ಒಂದು ಸೈಕಲ್ಲು, ಒಬ್ಬಾಕಿ ಬಾಣಂತಿ, ನಾನು.
ಹರಗೋಲಿಗೆ ಮುಂದಿಲ್ಲ ಹಿಂದಿಲ್ಲ.
ಹಡಗಲಿ ಸೀಮಿ ನೋಡಕೋತ ಕುಂತಾವ
ಕಣ್ಣು ಮಿಟಕಸೂದ್ರಾಗ
ಬಿಟ್ಟು ಬಂದ ದಂಡಿ ನೋಡತಿರ್ತಾನ.

"ಈ ಚೀಲ ಒಮ್ಮಿ ದಾಟಿಸೇನಿ" ಅಂದ.
"ಅಂವಾ ಹೊಳ್ಳಿ ದಾಟಿದ್ನೇನು?"
"ನನ್ನ ಹರಗೋಲಿನ್ಯಾಗ ಇಲ್ಲ."
ಆಮ್ಯಾಲ ಭಾಳೊತ್ತು ನೀರಿನದಷ್ಟ ಮಾತು.

ನಡುಹೊಳ್ಯಾಗ ಆಡು ಜಗ್ಗಿತು, ಪಟ್ಟಿ ಹರೀತು.
ನಾನ ಹೊಲದ ಎಡಗಡೆ ಪಟ್ಟಿ.
ನೀರಿಗೆ ಬಿದ್ದ ಚೀಲಾನ ಹುಟ್ಟಿನ ತುದಿಗೆ ಸಿಗಿಸಿ
ಎತ್ತಿ, ಹಿಂಡಿ, ತಿರುವಿ ನೋಡಿ
ಮೈಲಾರೆಪ್ಪ ಕೇಳಿದ:
"ಯಾವ ಕುರುಡ ಹೊಲದಾನ ಇದನ್ನ?"
"ಹುಬ್ಬಳ್ಳ್ಯಾಗ ಯಾರೋ" ಅಂದೆ.

ಬಲಿ ಹೆಣಿಯೂ ಮರದ ಸೂಜಿ ತಗದ,
ಹಲ್ಲಿಲೆ ನೂಲು ಕಡದ,
ಹುಟ್ಟು ನನ್ನ ಕೈಗೆ ಕೊಟ್ಟ.
ಅಂವಾ ಹೊಲಿಯಾಕ ಹತ್ತಿದ.
ನಾ ಹುಟ್ಟು ಹಾಕಾಕ ಹತ್ತಿದೆ.
ಬಾಣಂತಿ ನಕ್ಕಳು, ಕೂಸು ಎದ್ದಿತು,
ಹರಗೋಲು ನಿಂತಲ್ಲೇ ತಿರಗತಿತ್ತು.