ಬಂದಿದೆ, ಹೋಗಿದೆ

ಮಂಡ್ಯದ ಕೋರ್ಟಿನೆದುರು, ಹೊಂಗೆಮರದ ಮಗ್ಗುಲಿಗೆ
ನನ್ನದು ಎಂಟಡಿ ಅಗಲದ ಜೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ರೂಪಾಯಿ.
ಪಹಣಿ, ವಂಶವೃಕ್ಷ, ಅಣ್ಣತಮ್ಮಂದಿರ ಜಗಳ
ಎಲ್ಲಕ್ಕೂ ಒಂದೇ ದರ, ಒಂದೇ ಹಸಿರು ಬೆಳಕು.

ಮೇಜಿನ ಮೇಲೊಂದು ಡಬ್ಬಿ ಕೂತಿದೆ,
ಅಂಗೈಯಷ್ಟು ಮೈ, ಗಂಟಲು ಮಾತ್ರ ತಮಟೆ.
ಯಾರಾದರೂ ಫೋನು ಹಿಡಿದು ಕಾಸು ಕಳಿಸಿದರೆ ಸಾಕು,
'ಎರಡು ರೂಪಾಯಿ ಬಂದಿದೆ'
ಎಂದು ಬೀದಿಗೆಲ್ಲ ಸಾರುತ್ತದೆ.
ವಕೀಲರ ಗುಮಾಸ್ತ ಬೋರಲಿಂಗಯ್ಯ ಕತ್ತೆತ್ತಿ
'ಅಮ್ಮಾವ್ರು ಸಾವ್ಕಾರ್ತಿ ಆಗೋದ್ರು ಕನ್ರಪ್ಪೋ' ಅನ್ನುತ್ತಾನೆ.

ರಾತ್ರಿಯದು ಬೇರೆ ಮಾತು.
ಪಾತ್ರೆ ತೊಳೆದು, ಚಿಲಕ ಹಾಕಿ,
ಗೋಡೆಯ ಕಡೆ ತಿರುಗಿ ಮಲಗಿ
ಹೆಬ್ಬೆರಳಲ್ಲಿ ಒಂದು ಇಡೀ ಅಂಗಡಿಬೀದಿಯನ್ನು
ಮೇಲಕ್ಕೆ ತಳ್ಳುತ್ತ ತಳ್ಳುತ್ತ ಹೋಗುವ ಹೊತ್ತು.
ಎರಡೇ ಉಳಿದಿವೆಯಂತೆ. ಹದಿನಾಲ್ಕೇ ನಿಮಿಷವಂತೆ.
ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗೆ
ಎದೆ ಹೊಡೆದುಕೊಳ್ಳುತ್ತದೆ, ಬೆರಳು ಒತ್ತುತ್ತದೆ.
ಒಂಬೈನೂರ ತೊಂಬತ್ತೊಂಬತ್ತು ಹೋದರೂ
ಡಬ್ಬಿಗೆ ಆಗ ನಾಲಿಗೆ ಬಿದ್ದುಹೋಗಿರುತ್ತದೆ.

ಹೀಗೆ ಮನೆ ಸೇರಿದವು:
ಬೆಳ್ಳುಳ್ಳಿ ಬಿಡಿಸುವ ರಬ್ಬರು ಕೊಳವೆ,
ನೀರು ಕುಡಿ ಎಂದು ನೆನಪಿಸುವ ಬಾಟಲಿ
(ಇಷ್ಟು ವರ್ಷ ಬಾಯಾರಿಕೆಯೇ ನೆನಪಿಸುತ್ತಿತ್ತು),
ಒಂದು ಅಳತೆ ಚಿಕ್ಕದಾದ ನೀಲಿ ಚಪ್ಪಲಿ,
ವಾಪಸು ಕಳಿಸುವ ಗಡುವು ದಾಟಿ ಮಂಚದಡಿ ಮಲಗಿದ್ದು.
ಪಾರ್ಸೆಲ್ಲಿನ ಹುಡುಗ ಶಿವಮಾದು
ನಮ್ಮ ಮನೆಯ ನಂಬರು ಕೇಳುವುದು ಬಿಟ್ಟು ವರ್ಷವಾಯಿತು.

ಆಷಾಢದ ಒಂದು ಮಧ್ಯಾಹ್ನ
ಪಾಲಿನ ದಾವೆಯ ಹಳೇ ಕಡತ ಬಂತು.
ನಾನೂರ ತೊಂಬತ್ತೆಂಟು ಹಾಳೆ.
ಮುಟ್ಟಿದರೆ ಅಪ್ಪಳದಂತೆ ಮುರಿಯುವ ಹಾಳೆ,
ಯಂತ್ರದ ಬಾಯಿಗೆ ಕೊಡುವಂತಿಲ್ಲ.
ಮುಚ್ಚಳ ಎತ್ತು, ಮಗುಚು, ಮುಚ್ಚಳ ಇಳಿಸು.
ಎತ್ತು, ಮಗುಚು, ಇಳಿಸು.
ಸಂಜೆಗೆ ಎಡಹೆಗಲು ನನ್ನದಲ್ಲ.
'ಒಂಬೈನೂರ ತೊಂಬತ್ತಾರು ರೂಪಾಯಿ ಬಂದಿದೆ'
ಎಂದಿತು ಡಬ್ಬಿ, ಬಲು ಜಂಬದಿಂದ.
ಹಿಂದಿನ ರಾತ್ರಿ ನಾನು ತರಿಸಿದ್ದು
ಮುಖಕ್ಕೆ ಹಬೆ ಕೊಡುವ ಯಂತ್ರ.
ಲೆಕ್ಕ ಹಾಕಿದೆ. ಇನ್ನೂ ಮೂರು ರೂಪಾಯಿ ಕಡಿಮೆ.
ಇಡೀ ಮಧ್ಯಾಹ್ನ ಕೊಟ್ಟರೂ
ಆ ಹಬೆಗೆ ನಾನು ಸಾಲಲಿಲ್ಲ.

ಅಂದಿನಿಂದ ಒಂದು ಹುಚ್ಚು ರೂಢಿ.
ಒತ್ತುವ ಮೊದಲು, ಕತ್ತಲಲ್ಲಿ ಎದ್ದು ಕೂತು,
ಡಬ್ಬಿಯ ದನಿಯಲ್ಲಿ ನಾನೇ ಸಾರುತ್ತೇನೆ:
'ಆರುನೂರ ನಲವತ್ತು ರೂಪಾಯಿ ಹೋಗಿದೆ.'
ಮೊದಲ ಸಲ ನಡುಮನೆಯಿಂದ ಅತ್ತೆ ಕೇಳಿದರು,
'ಎಲ್ಲಿಗ್ ಓಯ್ತವ್ವಾ?'
ಅತ್ತೆಗೆ ಅರೆನಿದ್ದೆ. ಪ್ರಶ್ನೆಗೆ ಪೂರ್ತಿ ಎಚ್ಚರ.
ಉತ್ತರ ಹುಡುಕಿದೆ. ಅಷ್ಟರಲ್ಲಿ
ಹದಿನಾಲ್ಕು ನಿಮಿಷ ಕಳೆದು, ಏನೂ ಆಗಲಿಲ್ಲ.
ಬೆಳಿಗ್ಗೆ ನೋಡಿದರೆ ಅದೇ ಸಾಮಾನು, ಅದೇ ಬೆಲೆ,
ಮತ್ತೆ ಹದಿನಾಲ್ಕು ನಿಮಿಷ.

ಯಾವಾಗಲೂ ಗೆದ್ದೆ ಎನ್ನಲಾರೆ.
ಗೌರಿಹಬ್ಬದ ಹಿಂದಿನ ವಾರ
ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಒಂದು ಸೀರೆ ಒತ್ತಿಬಿಟ್ಟೆ.
ಫೋಟೋದ ಬಣ್ಣ ಫೋಟೋದಲ್ಲೇ ಉಳಿಯಿತು.

ಮೊನ್ನೆ ಪೇಟೆಬೀದಿಯಲ್ಲಿ, ಪಾತ್ರೆ ಅಂಗಡಿ,
ಕುಕ್ಕರಿನ ರಬ್ಬರು ಕೊಳ್ಳುತ್ತ ರೂಢಿ ತಪ್ಪದೆ
'ತೊಂಬತ್ತು ರೂಪಾಯಿ ಹೋಗಿದೆ' ಅಂದೆ, ಜೋರಾಗಿ.
ಚೌಕಾಸಿ ಎಂದುಕೊಂಡನೋ ಏನೋ ಅಂಗಡಿಯವನು,
'ಎಂಬತ್ ಕೊಡಿ ತಾಯಿ, ಅದಕ್ಯಾಕಂಗೆ ಕಿರುಚ್ತೀರಿ.'

ತಿಂಗಳಿಂದ ಸುಮ್ಮನೆ ಹಬೆ ಸೋರುತ್ತಿದ್ದ ಒಲೆಯ ಮುಂದೆ
ಹೊಸ ರಬ್ಬರು ಕೂರಿಸಿ, ಅವರೆಕಾಳು ಇಟ್ಟು,
ಅಂಗಡಿಯ ಚಿಲ್ಲರೆ ಎಣಿಸುತ್ತ ಕೂತೆ.
ಎಂಬತ್ತು ಎಲ್ಲಿಗೆ ಹೋಯಿತೆಂದು
ಅತ್ತೆ ಕೇಳಲಿಲ್ಲ.
ಕುಕ್ಕರು ಕೂಗಿತು.