ಉಗುರಿನ ಮೇಲೆ ಒಂದು ಹನಿ

ಬೊಲೊನ್ಯಾ, ಅನಾಥ ಶಿಶುಗಳ ಆಸ್ಪತ್ರೆ, ೧೮೭೧

ಅವತ್ತು ನೀವೇ ಅಲ್ಲವೆ, ಸ್ವಾಮಿ,
ನನ್ನ ಹಾಲಿನ ಒಂದು ಹನಿ
ಹೆಬ್ಬೆರಳ ಉಗುರಿನ ಮೇಲೆ ಹಿಂಡಿಸಿಕೊಂಡು
ಓರೆ ಮಾಡಿ ನೋಡಿದವರು?
ಹರಿದರೆ ನೀರು, ನಿಂತರೆ ಮೊಸರು,
ಮೆಲ್ಲಗೆ ಜಾರಿದರೆ ಮಾತ್ರ ಹಾಲು, ಅಂದಿರಿ.
ಜಾರಿತು. ಮೆಲ್ಲಗೆ.
ನನಗೇ ಹೆಮ್ಮೆಯಾಯಿತು.

ಸಂತೆಯಲ್ಲಿ ಹೇಸರಗತ್ತೆಗೆ ಎಣಿಸಿದ ಹಾಗೆ
ಹಲ್ಲು ಎಣಿಸಿದಿರಿ. ಉಸಿರು ಮೂಸಿದಿರಿ.
ತಲೆವಸ್ತ್ರ ಬಿಚ್ಚು, ಕೂದಲು ಕೆಂಪೋ ಕಪ್ಪೋ,
ಕೆಂಪಿನವಳ ಹಾಲು ಕುಡಿದರೆ ಕೂಸಿಗೆ ಸಿಡುಕು ಹತ್ತುತ್ತದೆ.
ಹಾಲೆಂದರೆ ಬೆಳ್ಳಗಾದ ರಕ್ತ,
ಹೆಂಗಸಿನ ಗುಣವೆಲ್ಲ ಅದರಲ್ಲೇ ಇಳಿಯುತ್ತದೆ, ಅಂದಿರಿ.
ಇಳಿಯುವುದು ನಿಮಗೆ ಗೊತ್ತಿತ್ತು.
ಏರುವುದು ಗೊತ್ತಿರಲಿಲ್ಲವೋ,
ಗೊತ್ತಿದ್ದೂ ಬಾಯಿ ಬರಲಿಲ್ಲವೋ.

ಕೂಸನ್ನು ಮಾತ್ರ ಯಾರೂ ಬಿಚ್ಚಿ ನೋಡಲಿಲ್ಲ.
ಬಿಗಿಯಾಗಿ ಸುತ್ತಿದ ಬಟ್ಟೆ, ಕೊರಳಲ್ಲಿ ಸೀಸದ ಬಿಲ್ಲೆ,
ನಂಬರು ನಾನ್ನೂರ ಹನ್ನೆರಡು,
ಮೂಗಿನಲ್ಲಿ ಗೊರಗೊರ.
ನೆಗಡಿ, ಅಂದ ಗುಮಾಸ್ತ. ತಿಂಗಳಿಗೆ ಎಂಟು ಲೀರಾ.
ಆ ಎಂಟು ಲೀರಾಕ್ಕೆ ನನ್ನ ಚೆಲೆಸ್ತೆಯನ್ನು
ಹತ್ತು ತಿಂಗಳಿಗೇ ಎದೆಯಿಂದ ಬಿಡಿಸಿ
ಚೆಸ್ಟ್‌ನಟ್ ಹಿಟ್ಟಿನ ಗಂಜಿಗೆ ಹಚ್ಚಿದ್ದೆ.
ಹಾಲು ಕುಡಿದ ಮಕ್ಕಳೇ ಉಳಿಯದ ಬೆಟ್ಟ ನಮ್ಮದು.

ಮೊದಲು ತೊಟ್ಟಿನ ಪಕ್ಕ ಒಂದು ಬಿರುಕು.
ಅತ್ತೆ ಜೇನುಮೇಣ ಸವರಿದಳು.
ಸಂತ ಅಗಾತಾಳಿಗೆ ಬತ್ತಿ ಹಚ್ಚು, ಅಂದ ಪಾದ್ರಿ.
ನೋವಿಲ್ಲದ ಹುಣ್ಣು, ಅದೇ ಅದರ ಕಪಟ.
ಆಮೇಲೆ ಗಂಟಲು. ಆಮೇಲೆ ಬೆನ್ನ ತುಂಬ ತಾಮ್ರದ ಕಾಸು.
ಆಮೇಲೆ ಅನ್ಸೆಲ್ಮೋನ ಬಾಯಿ.
ಆಮೇಲೆ,
ಒಂದೇ ಚಮಚದಲ್ಲಿ ತಿನ್ನಿಸುತ್ತಿದ್ದೆನಲ್ಲ,
ಚೆಲೆಸ್ತೆ.

ಈಗ ಕೇಳುತ್ತೀರಿ, ಗಂಡ ಸೈನ್ಯದಲ್ಲಿದ್ದನೆ?
ಸುಗ್ಗಿಗೆ ಬಯಲಿಗಿಳಿದಾಗ ಯಾರ ಮಗ್ಗುಲಲ್ಲಿದ್ದ? ನೀನು?
ಕೇಳಿ. ನಿಮ್ಮ ಕಾಗದ ತುಂಬಬೇಕಲ್ಲ.
ಹೆಸರು ಜೆಲ್ತ್ರೂದೆ, ಎರಡು ಸಲ ತಪ್ಪು ಬರೆದಿದ್ದೀರಿ.
ಇದನ್ನೂ ಬರೆದುಕೊಳ್ಳಿ:
ತಿರುಗಿ ಒಪ್ಪಿಸಿ ಬಾ ಎಂದು ಊರೆಲ್ಲ ಅಂದಾಗಲೂ
ಕೂಸನ್ನು ನಾನು ಕೆಳಗಿಡಲಿಲ್ಲ.
ನನಗೆ ಬಂದದ್ದು ಬಂದಾಗಿತ್ತು, ಅದಕ್ಕೆ ಹಸಿವಿತ್ತು.
ಕತ್ತೆಯ ಮೊಲೆಗೆ ಹಿಡಿಸು, ಅಂದಿರಿ, ಕತ್ತೆಗೆ ಅಂಟುವುದಿಲ್ಲವಂತೆ.
ಪುಣ್ಯವಂತ ಕತ್ತೆ.
ಅಗಾತಾಳ ಹಬ್ಬದ ಮುಂಜಾವ
ಗೊರಗೊರ ನಿಂತಿತು.

ಇಗೋ ಬಿಲ್ಲೆ. ತಂದೊಪ್ಪಿಸದಿದ್ದರೆ
ಎರಡು ಲೀರಾ ಮುರಿದುಕೊಳ್ಳುತ್ತೀರಂತೆ.
ಹಾಲು ಇವತ್ತೂ ಸೋರುತ್ತಿದೆ, ಸ್ವಾಮಿ.
ಕೈ ಚಾಚಿ.
ಉಗುರು ತೋರಿಸಿ.