ಹೋಲ್ಡಾನ್

ದುರ್ಗಿಗುಡಿಯಲ್ಲಿ ಒಂದು ಕನ್ನಡಕದ ಅಂಗಡಿ, ಅದರ ಮೇಲಕ್ಕೆ
ಹದಿನೇಳು ಮೆಟ್ಟಿಲು. ಎಣಿಸುವುದು ಕಸುಬಿನ ಚಾಳಿ.
ತಲೆ ಎಣಿಸುತ್ತೇನೆ, ಚಿಲ್ಲರೆ ಎಣಿಸುತ್ತೇನೆ,
ರಾತ್ರಿ ಮಲಗುವ ಮುಂಚೆ ಬಾಗಿಲ ಚಿಲಕ ಮುಟ್ಟಿ ನೋಡುತ್ತೇನೆ,
ಒಳಗಿನಿಂದಲೇ ಹಾಕಿದ್ದು ಅಂತ,
ಮೂರು ಸಲ.

ನಫೀಸಾ ಮೇಡಂ ಕುರ್ಚಿ ಓರೆಯಾಗಿ ಎಳೆದುಕೊಂಡರು,
ಪೂರ್ತಿ ಎದುರಿಗಲ್ಲ, ಪೂರ್ತಿ ಪಕ್ಕಕ್ಕೂ ಅಲ್ಲ.
"ಇದಕ್ಕೆ ಇಎಂಡಿಆರ್ ಅಂತಾರೆ ಹಾಲಮ್ಮ. ನಿದ್ದೆ ಬರಿಸಲ್ಲ.
ನನ್ನ ಬೆರಳ ಹಿಂದೆ ಕಣ್ಣು ಬರಲಿ, ಎಡಕ್ಕೆ, ಬಲಕ್ಕೆ.
ಬಸ್ಸಿನ ಕಿಟಕಿ ಅಂದುಕೊಳ್ಳಿ. ಹೊರಗಿನದು ಹಾದು ಹೋಗಲಿ,
ನೀವು ಇಳಿಯಬೇಕಿಲ್ಲ."
ನಗು ಬಂತು.
ಭದ್ರಾವತಿ ರೂಟಿನಲ್ಲಿ ಹನ್ನೊಂದು ವರ್ಷ,
ನನಗೆ ಕಿಟಕಿ ಸೀಟು ಕೊಟ್ಟವರು ಇವರೇ ಮೊದಲು.

"ಸಾಕು ಅನ್ನಿಸಿದರೆ ಕೈ ಎತ್ತಿ."
ಹೋಲ್ಡಾನ್ ಅಂತೀನಿ ಮೇಡಂ, ಅದೇ ಅಭ್ಯಾಸ.

ನಾಲ್ಕು ವಾರ ಬೆರಳು ಎತ್ತಲೇ ಇಲ್ಲ. ಬರೀ ಮಾತು, ಉಸಿರು,
ಹೆದರಿಕೆ ಬಂದರೆ ಮನಸ್ಸಲ್ಲೇ ಹೋಗಿ ಕೂರಲು ಒಂದು ಜಾಗ.
ಬೇರೆಯವರು ಹೊಳೆದಂಡೆ ಹೇಳುತ್ತಾರಂತೆ.
ನಾನು ಹೇಳಿದ್ದು ಡಿಪೋದ ಹಿಂದೆ, ರಾತ್ರಿ ಹತ್ತಕ್ಕೆ,
ತೊಳೆಸಿಕೊಂಡ ಬಸ್ಸುಗಳು ಸಾಲಾಗಿ ನಿಂತು
ತೊಟ್ಟಿಕ್ಕುವ ಹೊತ್ತು.

ಐದನೇ ವಾರ.
ಎಂಟು ವರ್ಷ. ಹಾಸ್ಟೆಲ್ಲು.
ರಾತ್ರಿ ಚಾಪೆ ಒದ್ದೆ ಮಾಡಿದವರು ಬೆಳಿಗ್ಗೆ
ಅದನ್ನೇ ತಲೆ ಮೇಲೆ ಹೊತ್ತು ಪ್ರಾರ್ಥನೆಗೆ ನಿಲ್ಲಬೇಕು.
ಆಮೇಲೆ ರೇಷನ್ ಕೋಣೆ. ಹೊರಗಿಂದ ಚಿಲಕ.
ಗೋಧಿನುಚ್ಚಿನ ಚೀಲ, ಸೀಮೆಎಣ್ಣೆ ಡಬ್ಬದ ವಾಸನೆ,
ಬಾಗಿಲಡಿ ಒಂದು ಗೆರೆ ಬೆಳಕು,
ಅದರೊಳಗೆ ಓಡಾಡುವ ಚಪ್ಪಲಿಗಳು. ಯಾವುದೂ ನಿಲ್ಲುವುದಿಲ್ಲ.
"ಆ ಮಗು ತನ್ನ ಬಗ್ಗೆ ಏನಂದುಕೊಳ್ಳುತ್ತೆ?"
ಹೊಲಸು. ನಾನು ಹೊಲಸು.
"ಸೊನ್ನೆಯಿಂದ ಹತ್ತರೊಳಗೆ ಎಷ್ಟು ಸಂಕಟ?"
ಹತ್ತು. ಲಗೇಜು ಬೇರೆ.

ಬೆರಳು ಎಡಕ್ಕೆ. ಬಲಕ್ಕೆ.
ಎಡಕ್ಕೆ ಚೀಲ. ಬಲಕ್ಕೆ ಬಾಗಿಲು. ಎಡಕ್ಕೆ ಚೀಲ.
ಬಲಕ್ಕೆ, ಕರೆಯದೇ ಬಂದದ್ದು:
ಅಡುಗೆಯ ಸಣ್ಣೀರಮ್ಮನ ಎರಡು ಬೆರಳು,
ಬಾಗಿಲಡಿಯಿಂದ ತಳ್ಳಿದ ಅರ್ಧ ಅಕ್ಕಿರೊಟ್ಟಿ.
ಮೂವತ್ತು ವರ್ಷ ಈ ರೊಟ್ಟಿ ಎಲ್ಲಿತ್ತು?

ಹೋಲ್ಡಾನ್.
ಬೆರಳು ನಿಂತಿತು. ನೀರು ಕುಡಿದೆ.
ಆವತ್ತು ನಾನು ಕೂಗಿದಾಗ ಏನೂ ನಿಂತಿರಲಿಲ್ಲ.
"ಮುಂದಕ್ಕೆ ಹೋಗೋಣವಾ?"
ರೈಟ್, ಅಂದೆ.

ಮಾಯವಾಯಿತು ಅಂತ ಹೇಳಲಾರೆ.
ಹತ್ತು ಏಳಾಯಿತು, ಒಂದು ವಾರ ಮತ್ತೆ ಒಂಬತ್ತು,
ಕನಸಿನಲ್ಲಿ ಚಾಪೆ, ಮಗನ ಮೇಲೆ ಸುಮ್ಮಸುಮ್ಮನೆ ರೇಗಿದ್ದು.
ಈಗ ಎರಡು. ಕೊಡಲು ಬಾಕಿ ಉಳಿದ ಚಿಲ್ಲರೆಯ ಹಾಗೆ
ಎರಡರಲ್ಲೇ ನಿಂತಿದೆ.
ಆ ಹುಡುಗಿಗೆ ಎಂಟು ವರ್ಷ. ನಿದ್ದೆಯಲ್ಲಿ ಉಚ್ಚೆ ಹೊಯ್ದಿತ್ತು.
ಅಷ್ಟೆ.

ಮಾರ್ಚಿನಲ್ಲಿ ಡಿಪೋದಲ್ಲಿ ಮಹಿಳಾ ದಿನ,
ರಂಗೋಲಿ, ಮ್ಯೂಸಿಕಲ್ ಚೇರು.
"ಎರಡು ಮಾತಾಡಿ ಹಾಲಮ್ಮ" ಅಂದರು,
ವಂದನಾರ್ಪಣೆ ಅಂದುಕೊಂಡಿದ್ದರು.
ಚಾಪೆಯಿಂದ ಶುರು ಮಾಡಿದೆ.
ಮೈಕು ಕುಂಯ್ ಅಂದಿತು. ಯಾರೋ ನಕ್ಕರು, ಆಮೇಲೆ ನಗಲಿಲ್ಲ.
ಮಗು ಹಾಸಿಗೆ ಒದ್ದೆ ಮಾಡಿದರೆ ಹಾಸಿಗೆ ಒಣಗಿಸಿ ಅಂದೆ.
ಹಾಸ್ಟೆಲ್ಲಿಗೆ ಬಿಟ್ಟವರು ಊಟ ಹೇಗಿದೆ ಅಂತ ಕೇಳುತ್ತೀರಿ,
ಯಾವ ಬಾಗಿಲಿಗೆ ಹೊರಗಿಂದ ಚಿಲಕ ಇದೆ,
ಅದನ್ನೂ ನೋಡಿ ಬನ್ನಿ.
ಇಂಥ ನೆನಪಿಗೂ ಡಾಕ್ಟರಿದ್ದಾರೆ, ಇದೇ ಊರಲ್ಲಿ.
ಮ್ಯಾನೇಜರು ಗಡಿಯಾರ ನೋಡಿದರು. ಕಾಫಿ ಬಂತು.

ಸಂಜೆ ಟೈರ್ ಸೆಕ್ಷನ್ನಿನ ದಾವೂದಣ್ಣ,
ರಿಟೈರಿಗೆ ನಾಲ್ಕೇ ವರ್ಷ,
ಕೈಯ ಗ್ರೀಸು ಒರೆಸುತ್ತ, ಒರೆಸಿದ್ದನ್ನೇ ಒರೆಸುತ್ತ
ಬಂದು ನಿಂತ. ಬಸ್ಸಿನ ಕಡೆಗೇ ನೋಡುತ್ತ ಕೇಳಿದ:
"ಆ ಕನ್ನಡಕದ ಅಂಗಡಿ, ಎಡಕ್ಕಾ, ಬಲಕ್ಕಾ?"

ಟಿಕೆಟ್ ಮಿಷನ್ನಿನಿಂದ ಖಾಲಿ ಕಾಗದ ಎಳೆದು
ಬರೆದುಕೊಟ್ಟೆ.
ಹದಿನೇಳು ಮೆಟ್ಟಿಲು, ಅಂತಲೂ ಬರೆದೆ.